ರಾಜೇಂದ್ರ ಚೋಳ ಮತ್ತು ಬಂಗಾಳ ಕೊಲ್ಲಿ: ‘ಚೋಳರ ಕೆರೆ’ ಅನ್ನೋದು ಎಷ್ಟು ಸರಿ?

ಕೋಲಾರದವನು

ಎಲ್ಲರಿಗೂ ನಮಸ್ಕಾರ. ಅಕ್ಕನ ಮಗ ಎಂಟನೇ ಕ್ಲಾಸು. ಶಾಲೆಯಲ್ಲಿ ಭಾಷಣ ಸ್ಪರ್ಧೆ ಇದೆ. ವಿಷಯ ಅವನೇ ಆರಿಸಿಕೊಂಡ: ರಾಜೇಂದ್ರ ಚೋಳನ ಸಮುದ್ರ ದಂಡಯಾತ್ರೆ. 1025ರಲ್ಲಿ ನಡೆದದ್ದು. ಸಾವಿರ ವರ್ಷ ಆಯಿತು ಅಂತ ಎಲ್ಲ ಕಡೆ ಅದೇ ಮಾತು ನೋಡಿ, ಅವನಿಗೂ ಹುಚ್ಚು ಹತ್ತಿದೆ.

ಭಾಷಣ ಬರೆದುಕೊಟ್ಟವನು ನಾನು. ಮೊದಲ ಸಾಲು ಹೀಗಿದೆ: “ರಾಜೇಂದ್ರನ ಕಾಲದಲ್ಲಿ ಬಂಗಾಳ ಕೊಲ್ಲಿ ಚೋಳರ ಕೆರೆಯಾಗಿತ್ತು.” ಕೇಳೋಕೆ ಚೆನ್ನಾಗಿದೆ, ಚಪ್ಪಾಳೆ ಗ್ಯಾರಂಟಿ. ಆದರೆ ನಿನ್ನೆ ರಾತ್ರಿ ಹುಡುಗ ಒಂದು ಪ್ರಶ್ನೆ ಕೇಳಿದ. “ಮಾವ, ಕೆರೆ ಅಂದ್ರೆ ಸುತ್ತ ನಾಲ್ಕೂ ಕಡೆ ನಮ್ಮದೇ ಜಾಗ ಇರಬೇಕಲ್ವಾ? ಆಚೆ ದಡವೂ ಚೋಳರದ್ದಾ?” ನನ್ನ ಹತ್ತಿರ ಉತ್ತರ ಇರಲಿಲ್ಲ. ಗೊತ್ತಿರುವವರು ಹೇಳಿ. ಸಾಲು ಉಳಿಸಿಕೊಳ್ಳಲಾ, ಬಿಡಲಾ?

ತಂಜಾವೂರುಸೊಸೆ

ಉಳಿಸಿಕೊಳ್ಳಿ! ನಾನು ಮೈಸೂರಿನವಳು, ಕೊಟ್ಟ ಮನೆ ತಂಜಾವೂರು, ಹಾಗಾಗಿ ಪಕ್ಷಪಾತ ಇದೆ ಅಂತ ಮೊದಲೇ ಒಪ್ಪಿಕೊಳ್ಳುತ್ತೇನೆ. ಆದರೂ ಲೆಕ್ಕ ಹಾಕಿ. ಅಪ್ಪ ರಾಜರಾಜ ಶ್ರೀಲಂಕಾದ ಉತ್ತರ ಭಾಗ ಹಿಡಿದ. ‘ಮುನ್ನೀರಿನ ಹಳೆಯ ದ್ವೀಪಗಳು ಹನ್ನೆರಡು ಸಾವಿರ’ ಗೆದ್ದೆ ಅಂತ ಬರೆಸಿಕೊಂಡ. ಅದು ಮಾಲ್ಡೀವ್ಸ್ ಅಂತಾರೆ. ಮಗ ರಾಜೇಂದ್ರ 1014ರಿಂದ 1044ರವರೆಗೆ ಆಳಿದ. ಲಂಕೆಯ ರಾಜ ಐದನೇ ಮಹಿಂದನನ್ನು ಹಿಡಿದು ತಂದ. ಗಂಗೆಯವರೆಗೆ ಸೈನ್ಯ ಕಳಿಸಿದ. ಆಮೇಲೆ 1025ರಲ್ಲಿ ಹಡಗು ಕಳಿಸಿ ಸುಮಾತ್ರಾ ಕಡೆಯ ಶ್ರೀವಿಜಯ ರಾಜ್ಯದ ರಾಜನನ್ನೇ ಸೆರೆ ಹಿಡಿಸಿದ. ತಮಿಳುನಾಡಿನ ತೀರಕ್ಕೆ ಇವತ್ತಿಗೂ ಕೋರಮಂಡಲ ಅಂತ ಹೆಸರು. ಅದು ಚೋಳಮಂಡಲ. ಇನ್ನೇನು ಬೇಕು?

ಗದಗಿನಗಾಳಿ

ಅಕ್ಕಾರ, ತೀರದ ಹೆಸರು ಚೋಳಮಂಡಲ ಸರಿ. ಕಡಲಿನ ಹೆಸರು ಬಂಗಾಳ ಕೊಲ್ಲಿ ಐತಲ್ಲ, ಅದಕ್ಕೇನಂತೀರಿ? 😄

ನಮ್ಮ ಕಡೆಯವರಿಗೆ ಈ ರಾಜೇಂದ್ರ ಹೇಗೆ ಕಂಡಿದ್ದ ಅಂತ ನಾನು ಆಮೇಲೆ ಬರೆಯುತ್ತೇನೆ. ಅಲ್ಲಿವರೆಗೂ ಹೊಗಳಿಕೆ ನಡೀಲಿ.

ಶಾಸನಹುಚ್ಚ

ಹುಡುಗ ಜಾಣ. ಅವನ ಪ್ರಶ್ನೆ ಹಿಡಿದುಕೊಂಡೇ ಹೋಗೋಣ.

‘ಚೋಳರ ಕೆರೆ’ ಅನ್ನುವ ಮಾತು ಚೋಳರದ್ದಲ್ಲ. ಅದು ನಮ್ಮ ಕಾಲದ ಪುಸ್ತಕಗಳ ಮಾತು. ರಾಜೇಂದ್ರನ ಕವಿಗಳು ಬರೆದದ್ದು ಬೇರೆ ತರಹ. ಅವರ ಮಾತು ಕೇಳೋಣ, ಯಾಕೆಂದರೆ ಕನ್ನಡದವರಿಗೆ ಅದು ಅರ್ಧ ಹಾಗೇ ಅರ್ಥವಾಗುತ್ತದೆ.

ತಂಜಾವೂರು ದೊಡ್ಡ ಗುಡಿಯ ಗೋಡೆ ಮೇಲೆ 1030ರ ಸುಮಾರಿನ ಶಾಸನ ಇದೆ. ಸಮುದ್ರದ ಭಾಗ ಶುರುವಾಗುವುದು ಹೀಗೆ: “ಅಲೈಕಡಲ್ ನಡುವುಳ್ ಪಲ ಕಲಂ ಸೆಲುತ್ತಿ”. ಅಲೆಗಡಲ ನಡುವೆ ಪಲವು ಹಡಗು ಸಲ್ಲಿಸಿ. ‘ಪಲ’ ಹಳಗನ್ನಡದಲ್ಲೂ ಪಲವೇ, ಈಗ ಹಲವು ಆಗಿದೆ. ‘ಕಲಂ’ ಅಂದರೆ ಹಡಗು.

ಆಮೇಲೆ 13 ಊರುಗಳ ಪಟ್ಟಿ. ಒಂದೊಂದಕ್ಕೂ ಒಂದು ಚಿತ್ರ. ಮಾಯಿರುಡಿಂಗಂ ಅನ್ನುವ ಊರಿಗೆ “ಆೞ್ಕಡಲ್ ಅಗೞ್ ಸೂೞ್” ಅಂತ ವಿಶೇಷಣ. ಆಳವಾದ ಕಡಲೇ ಕೋಟೆಯ ಅಗಳಾಗಿ ಸುತ್ತಿರುವ ಊರು. ಚಿತ್ರದುರ್ಗ ನೋಡಿದವರಿಗೆ ಅಗಳು ಅಂದರೇನು ಅಂತ ಹೇಳಬೇಕಾಗಿಲ್ಲ. ನಿಕೋಬಾರ್‌ಗೆ ‘ಮಾನಕ್ಕವಾರಂ’ ಅಂತ ಹೆಸರು, ಜೇನು ತುಂಬಿದ ತೋಪುಗಳ ನಾಡು. ಪಟ್ಟಿಯ ಕೊನೆಗೆ ಕಡಾರಂ, “ತೊಡು ಕಡಲ್ ಕಾವಲ್”, ಅಂದರೆ ಕಡಲೇ ಕಾವಲು ನಿಂತ ಊರು.

ಈಗ ನೋಡಿ. ಕವಿಯ ಕಣ್ಣಲ್ಲಿ ಕಡಲು ಯಾರ ಕಡೆ ನಿಂತಿದೆ? ಎದುರಾಳಿಯ ಕಡೆ. ಅವರ ಅಗಳು, ಅವರ ಕಾವಲು. ರಾಜೇಂದ್ರನ ಹೆಮ್ಮೆ ಇರುವುದು ಆ ಅಗಳು ದಾಟಿದೆ ಅನ್ನೋದರಲ್ಲಿ. ಕಡಲು ನನ್ನದು ಅಂತ ಅವನು ಆ ಸಾಲುಗಳಲ್ಲಿ ಎಲ್ಲೂ ಹೇಳಿಕೊಂಡಿಲ್ಲ.

ಕೋಲಾರದವನು

ಮೇಷ್ಟ್ರೇ, ಇದನ್ನು ಓದಿ ರೋಮಾಂಚನ ಆಯಿತು. ಆ 13 ಊರು ಈಗ ಎಲ್ಲಿವೆ?

ಶಾಸನಹುಚ್ಚ

ಎಲ್ಲವನ್ನೂ ಹೇಳಲು ಹೋಗುವುದಿಲ್ಲ. ಖಚಿತವಾಗಿ ಕೈಗೆ ಸಿಗುವಷ್ಟು ಸಾಕು. ಶ್ರೀವಿಜಯ ಸುಮಾತ್ರಾದ ಪಾಲೆಂಬಾಂಗ್. ಮಲೈಯೂರು ಅದೇ ದ್ವೀಪದ ಜಾಂಬಿ ಕಡೆ. ಪನ್ನೈಯೂ ಸುಮಾತ್ರಾವೇ. ಇಲಾಮುರಿದೇಶ ಅಂದರೆ ಸುಮಾತ್ರಾದ ಉತ್ತರ ತುದಿಯ ಅಚೆಹ್ (Aceh) ಪ್ರಾಂತ. ಇಲಂಗಾಶೋಕ, ಮಾದಮಾಲಿಂಗಂ ಮಲಯ ಪರ್ಯಾಯದ್ವೀಪದಲ್ಲಿ. ಕಡಾರಂ ಅಂದರೆ ಮಲೇಷ್ಯಾದ ಕೆಡಾ. ನಕಾಶೆಯಲ್ಲಿ ಬೊಟ್ಟಿಟ್ಟು ನೋಡಿ. ಹೆಚ್ಚಿನವು ಮಲಕ್ಕಾ ಜಲಸಂಧಿಯ ಎರಡೂ ಬದಿಯ ನಾಡುಗಳಲ್ಲಿ, ಅಂದರೆ ಸುಮಾತ್ರಾ ಮತ್ತು ಮಲಯದಲ್ಲಿ, ಬರುತ್ತವೆ.

ಆ ದಾರಿ ಬಿಟ್ಟರೆ ಚೀನಾಕ್ಕೆ ಹೋಗೋದು ಕಷ್ಟ. ಶ್ರೀವಿಜಯ ಅಲ್ಲಿ ಟೋಲ್ ಗೇಟ್ ಹಾಕಿಕೊಂಡು ಕೂತಿದ್ದ ಹಾಗೆ. 1178ರಲ್ಲಿ ಝೌ ಚೂಫೆ ಅನ್ನುವ ಚೀನೀ ಅಧಿಕಾರಿ ಬರೆದಿಟ್ಟಿದ್ದಾನೆ: ಯಾವ ವ್ಯಾಪಾರಿ ಹಡಗಾದರೂ ಆ ರಾಜ್ಯದ ಬಂದರಿಗೆ ಬರದೆ ಹಾದುಹೋದರೆ, ಅವರು ಹಡಗು ಕಳಿಸಿ ಹೊಡೆಯುತ್ತಾರೆ ಅಂತ. ರಾಜೇಂದ್ರನಿಗಿಂತ ನೂರೈವತ್ತು ವರ್ಷ ಆಮೇಲಿನ ಮಾತು. ಆದರೆ ಜಾಗ ಅದೇ, ದಂಧೆಯೂ ಅದೇ.

ಮಲ್ಪೆಮಾರಾಯ

ನಮಸ್ಕಾರ ಮಾರಾಯ್ರೇ. ನೀವೆಲ್ಲ ಶಾಸನ ಓದುವವರು. ನಾನು ಬೋಟಿನವರ ಮನೆಯವನು, ಗಾಳಿ ಬಗ್ಗೆ ಎರಡು ಮಾತು ಹೇಳುತ್ತೇನೆ.

ಕೆರೆ ಅಂತ ಹೇಳಬೇಡಿ ದಯವಿಟ್ಟು. ಕೆರೆಯಲ್ಲಿ ಯಾವಾಗ ಬೇಕಾದರೂ ದೋಣಿ ಹಾಕಬಹುದು. ಕಡಲಲ್ಲಿ ಆಗುವುದಿಲ್ಲ. ನಮ್ಮ ಕಡೆ ಜೂನ್ 1ರಿಂದ ಜುಲೈ 31ರವರೆಗೆ ಬೋಟು ಇಳಿಸುವ ಹಾಗಿಲ್ಲ. ತಮಿಳುನಾಡಿನ ಕಡೆ ಈ ರಜೆ ಏಪ್ರಿಲ್ 15ರಿಂದ ಜೂನ್ 14. ಎರಡೂ 61 ದಿನವೇ. ಇದು ಮೀನಿನ ಮರಿ ಉಳಿಯಲಿ ಅಂತ ಮಾಡಿದ ಈಗಿನ ಕಾನೂನು. ಆದರೆ ಎರಡು ಕಡಲಿನ ನಡತೆ ಬೇರೆ ಅಂತ ಇದರಲ್ಲೇ ಗೊತ್ತಾಗುತ್ತದೆ.

ಹಾಯಿ ಹಡಗಿನ ಕಾಲದಲ್ಲಿ ಗಾಳಿಯೇ ಯಜಮಾನ. ಬಂಗಾಳ ಕೊಲ್ಲಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ನೈಋತ್ಯದಿಂದ ಬೀಸುತ್ತದೆ, ಅಂದರೆ ಮಲೇಷ್ಯಾ ಕಡೆಗೆ ದೂಡುತ್ತದೆ. ಡಿಸೆಂಬರ್ ಹೊತ್ತಿಗೆ ಈಶಾನ್ಯದಿಂದ ತಿರುಗುತ್ತದೆ, ವಾಪಸ್ಸು ತರುತ್ತದೆ. ನಡುವೆ ಅಕ್ಟೋಬರ್, ನವೆಂಬರ್ ಚಂಡಮಾರುತದ ತಿಂಗಳು. ನಾಗಪಟ್ಟಣದವರನ್ನು ಕೇಳಿ, ಹೇಳುತ್ತಾರೆ.

ಹಾಗಾಗಿ ಇಲ್ಲಿಂದ ಹೋದವನು ಹೊಡೆದಾಡಿ ಮುಗಿದ ಮೇಲೆ ಹೊರಟುಬಿಡೋಣ ಅಂದುಕೊಂಡರೆ ಆಗುವುದಿಲ್ಲ. ಗಾಳಿ ತಿರುಗುವವರೆಗೆ ಅಲ್ಲೇ ಕೂರಬೇಕು. ಅಲ್ಲಿ ಸೈನ್ಯ ಇಟ್ಟುಕೊಂಡು ಆಳುವುದು ಅಂದರೆ, ಒಂದು ಕಾಗದಕ್ಕೆ ಉತ್ತರ ಬರಲು ವರ್ಷ ಹಿಡಿಯುತ್ತದೆ. ಇದು ಕೆರೆಯಾ?

ಲೆಕ್ಕಪತ್ರ

ನನಗೆ ಸುಮ್ನೆ ಲೆಕ್ಕ ಹಾಕುವ ಚಟ. ನಾಗಪಟ್ಟಣದಿಂದ ಕೆಡಾಕ್ಕೆ ನೇರ ದೂರ ಸುಮಾರು 2,300 ಕಿ.ಮೀ. ಗಂಟೆಗೆ 7 ಕಿ.ಮೀ. ಅಂತ ಹಿಡಿದು, ರಾತ್ರಿ ಹಗಲು ನಿಲ್ಲದೆ ಹೋದರೆ 14 ದಿನ. ಒಂದು ಹಡಗಿನಲ್ಲಿ 100 ಜನ, ತಲೆಗೆ ದಿನಕ್ಕೆ 4 ಲೀಟರ್ ನೀರು ಅಂದರೆ 5,600 ಲೀಟರ್. ಬರೀ ನೀರು. ಅಕ್ಕಿ, ಸೌದೆ, ಆಯುಧ ಬೇರೆ.

ಶಾಸನಹುಚ್ಚ

ನಿಮ್ಮ 14 ದಿನ ಬಹಳ ಉದಾರ ಆಯಿತು. ಏಳನೇ ಶತಮಾನದ ಒಂದು ಲೆಕ್ಕ ಇದೆ. ಚೀನೀ ಬೌದ್ಧ ಭಿಕ್ಷು ಇತ್ಸಿಂಗ್ ತನ್ನ ಜೊತೆಯ ಭಿಕ್ಷುಗಳ ಪ್ರಯಾಣ ಬರೆದಿಟ್ಟ. ಅವರಲ್ಲೊಬ್ಬ ಕೆಡಾದಿಂದ ನಾಗಪಟ್ಟಣಕ್ಕೆ ಹಡಗಿನಲ್ಲಿ ಬಂದ. 30 ದಿನ ಹಿಡಿಯಿತು. ಅಲ್ಲಿಂದ ಸಿಂಹಳಕ್ಕೆ ಇನ್ನೆರಡು ದಿನ.

ಇತ್ಸಿಂಗ್ ತಾನು ಹೋದ ದಾರಿ ನಿಕೋಬಾರ್ ಕಡೆಯದು. ದ್ವೀಪದವರು ಚಿಕ್ಕ ದೋಣಿಗಳಲ್ಲಿ ಹಡಗಿನ ಹತ್ತಿರ ಬಂದು ತೆಂಗಿನಕಾಯಿ, ಬಾಳೆಹಣ್ಣು, ಬೆತ್ತದ ಸಾಮಾನು ಕೊಡುತ್ತಿದ್ದರಂತೆ. ಬದಲಿಗೆ ಬೇಕಾದದ್ದು ಕಬ್ಬಿಣ ಮಾತ್ರ. ಎರಡು ಬೆರಳಿನಷ್ಟು ಕಬ್ಬಿಣಕ್ಕೆ ಐದರಿಂದ ಹತ್ತು ತೆಂಗಿನಕಾಯಿ. ನನಗೆ ಈ ವಿವರ ಬಹಳ ಇಷ್ಟ. ರಾಜೇಂದ್ರ ಹುಟ್ಟುವ ಮುನ್ನೂರು ವರ್ಷ ಮೊದಲೇ ಆ ದಾರಿಯಲ್ಲಿ ಚೌಕಾಸಿ ನಡೆದಿತ್ತು.

ತಂಜಾವೂರುಸೊಸೆ

ಸರಿ, ಕೆರೆ ಅನ್ನುವುದು ಬಿಡೋಣ. ಆದರೆ ನೌಕಾಪಡೆ ಇತ್ತಲ್ಲ? ಇಷ್ಟು ದೂರ ಹೋಗಿ ಹೊಡೆಯಬೇಕಾದರೆ ದೊಡ್ಡ ನೌಕಾಪಡೆಯೇ ಬೇಕು. ಅದನ್ನಾದರೂ ಬಿಟ್ಟುಕೊಡಿ.

ಶಾಸನಹುಚ್ಚ

ಹಡಗು ಇದ್ದವು, ಅನುಮಾನ ಇಲ್ಲ. ಶಾಸನ ಅವನ್ನು ‘ಪಲ ಕಲಂ’ ಅನ್ನುತ್ತದೆ, ಅಷ್ಟೇ. ಎಷ್ಟು, ಯಾರವು, ಯಾರು ನಡೆಸಿದರು ಅಂತ ಹೇಳುವುದಿಲ್ಲ. ಬರೀ ಯುದ್ಧಕ್ಕಾಗಿ ಹಡಗು ಕಟ್ಟಿ ವರ್ಷಪೂರ್ತಿ ಸಾಕುವ ಪದ್ಧತಿ ಆಗಿನ ಲೆಕ್ಕದಲ್ಲಿ ದುಬಾರಿ. ನನ್ನ ಅಭಿಪ್ರಾಯ ಕೇಳಿದರೆ, ಹೆಚ್ಚಿನವು ವ್ಯಾಪಾರಿ ಹಡಗುಗಳೇ. ದಾರಿ ಗೊತ್ತಿದ್ದದ್ದೂ ಅವರಿಗೇ. ರಾಜನ ಸೈನಿಕರು ಹತ್ತಿದರು.

ತಂಜಾವೂರುಸೊಸೆ

ಮಾವನವರಿಗೆ ಇದನ್ನು ಓದಿ ಹೇಳಿದೆ. ಕಾಫಿ ಲೋಟ ಕೆಳಗಿಟ್ಟರು. “ಅದು ನಿಮ್ಮ ಮೇಷ್ಟ್ರ ಊಹೆ” ಅಂದರು. ಊಹೆ ಅಂತ ನೀವೇ ಒಪ್ಪಿದ್ದೀರಲ್ಲ, ಅದಕ್ಕೆ ಜಗಳ ಇಲ್ಲ.

ಪಿನಾಂಗ್‌ನಿಂದ

ಈ ಚರ್ಚೆ ಈಗ ನೋಡಿದೆ. ನಾನು ಶಿವಮೊಗ್ಗದವಳು, ಕೆಲಸಕ್ಕೆ ಪಿನಾಂಗ್‌ನಲ್ಲಿದ್ದೇನೆ. ಕಡಾರಂ ನಮ್ಮ ಮನೆಯಿಂದ ಕಾರಿನಲ್ಲಿ ಹೋಗಿ ಮಧ್ಯಾಹ್ನ ಊಟಕ್ಕೆ ವಾಪಸ್ ಬರುವಷ್ಟು ಹತ್ತಿರ.

ಅಲ್ಲಿ ಗುನುಂಗ್ ಜೆರಾಯ್ ಅನ್ನುವ ಬೆಟ್ಟ ಇದೆ. 1,200 ಮೀಟರ್‌ಗಿಂತ ಸ್ವಲ್ಪ ಜಾಸ್ತಿ ಎತ್ತರ. ಸುತ್ತ ಸಪಾಟು ಗದ್ದೆ, ಪಕ್ಕದಲ್ಲೇ ಸಮುದ್ರ, ನಡುವೆ ಇದೊಂದೇ ಎದ್ದು ನಿಂತಿದೆ. ಪಶ್ಚಿಮದಿಂದ ಬರುವ ಹಡಗಿನವರಿಗೆ ಮೊದಲು ಕಾಣುತ್ತಿದ್ದದ್ದು ಈ ಬೆಟ್ಟವೇ. ದೋಣಿ ಪ್ರವಾಸ ಹೋದಾಗ ನಾನೂ ನೋಡಿದ್ದೇನೆ. ದಡ ಇನ್ನೂ ಕಾಣುವುದಿಲ್ಲ, ಬೆಟ್ಟ ಮಾತ್ರ ನೀಲಿಯಾಗಿ ತೇಲುತ್ತದೆ. ತಿಂಗಳುಗಟ್ಟಲೆ ನೀರು ನೋಡಿದವರಿಗೆ ಹೇಗನ್ನಿಸಿರಬೇಡ!

ಬೆಟ್ಟದ ಬುಡದಲ್ಲಿ ಬುಜಾಂಗ್ ಕಣಿವೆ. ಅಲ್ಲಿ ಹಳೆಯ ಗುಡಿಗಳ ತಳಪಾಯಗಳು ಸಾಲುಸಾಲು ಸಿಕ್ಕಿವೆ. ಚಂಡಿ ಅನ್ನುತ್ತಾರೆ. ಹಿಂದೂ ಗುಡಿಗಳೂ ಇವೆ, ಬೌದ್ಧರವೂ ಇವೆ. ಬುಕಿತ್ ಬಾತು ಪಾಹಟ್ ಅನ್ನುವುದು ಎಲ್ಲಕ್ಕಿಂತ ಚೆನ್ನಾಗಿ ಉಳಿದದ್ದು. ಹಂಪಿ, ಬೇಲೂರು ಕಣ್ಣಿನಲ್ಲಿಟ್ಟುಕೊಂಡು ಹೋದರೆ ನಿರಾಸೆ ಆಗುತ್ತದೆ. ಎದೆಮಟ್ಟದ ಕಲ್ಲಿನ ಕಟ್ಟೆ, ಕಂಬ ಕೂರಿಸುವ ಗುಳಿ ಇರುವ ಕಲ್ಲುಗಳು, ಮೇಲೆ ಆಕಾಶ. ಮರದ ಚಾವಣಿ ಯಾವತ್ತೋ ಹೋಯಿತು. ಪಕ್ಕದಲ್ಲಿ ತೊರೆ ಹರಿಯುತ್ತದೆ. ನಮ್ಮ ಆಗುಂಬೆ ಕಡೆಯ ಸದ್ದು. ಹತ್ತಿರದ ಸುಂಗೈ ಬಾತುವಿನಲ್ಲಿ ಕಬ್ಬಿಣ ಕರಗಿಸುತ್ತಿದ್ದ ಕುಲುಮೆಗಳು ಅಗೆದಾಗ ಸಿಕ್ಕಿವೆ. ಮೇಲೆ ನಿಕೋಬಾರ್‌ನವರ ಕಬ್ಬಿಣದ ಆಸೆ ಓದಿದಾಗ ಇದೇ ನೆನಪಾಯಿತು.

ಚೋಳರು ಗೆದ್ದ ಊರು ಅಂತ ಒಂದಾದರೂ ವಿಜಯದ ಗುರುತು ಇರುತ್ತದೆ ಅಂತ ಹುಡುಕಿದ್ದೆ. ಮ್ಯೂಸಿಯಂನಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಮಣಿಗಳು, ಮಡಕೆ ಚೂರು, ಚೀನಾದ ಪಿಂಗಾಣಿ ಚೂರು. ವ್ಯಾಪಾರದ ಕಸ.

ಮಲ್ಪೆಮಾರಾಯ

‘ವ್ಯಾಪಾರದ ಕಸ’. ಮೇಡಂ, ಈ ಮಾತು ನಾನು ಕದಿಯುತ್ತೇನೆ.

ಗದಗಿನಗಾಳಿ

ಈಗ ನಮ್ಮ ಕಡೆಯ ಸಾಕ್ಷಿ. ಹಳೆಯ ಧಾರವಾಡ ಜಿಲ್ಲೆಯ ಹೊಟ್ಟೂರಿನಲ್ಲಿ ಒಂದು ಶಾಸನ ಐತಿ, 1007ರ ಸುಮಾರಿನದು. ಕಲ್ಯಾಣ ಚಾಲುಕ್ಯರ ಸತ್ಯಾಶ್ರಯನ ಕಾಲ. ರಾಜೇಂದ್ರ ಆಗ ಇನ್ನೂ ಯುವರಾಜನ ವಯಸ್ಸು. ಚೋಳ ಒಂಬತ್ತು ಲಕ್ಷ ಸೈನ್ಯ ತಗೊಂಡು ಬಂದ, ನಾಡು ಸುಲಿದ, ಹೆಂಗಸರು ಮಕ್ಕಳು ಬ್ರಾಹ್ಮಣರು ಅನ್ನದೆ ಕೊಂದ, ಹೆಣ್ಣುಮಕ್ಕಳನ್ನು ಹಿಡಿದು ಕುಲ ಕೆಡಿಸಿದ ಅಂತ ಬರೆದೈತಿ. ಅವನನ್ನು ಓಡಿಸಿದೆ ಅಂತ ಸತ್ಯಾಶ್ರಯ ‘ತಿಗುಳಮಾರಿ’, ಅಂದರೆ ತಮಿಳರ ಪಾಲಿನ ಮಾರಿ, ಅಂತ ಬಿರುದು ಇಟ್ಟುಕೊಂಡ. ಒಂಬತ್ತು ಲಕ್ಷ ಅನ್ನುವುದು ಶಾಸನದ ಬಾಯಿ, ಲೆಕ್ಕಪತ್ರ ಅವರು ಬೇಕಾದರೆ ಅನ್ನದ ಲೆಕ್ಕ ಹಾಕಲಿ. ಉಳಿದದ್ದು ಪೂರ್ತಿ ಸುಳ್ಳು ಅಂತ ನನಗನ್ನಿಸುವುದಿಲ್ಲ.

ಶಾಸನಹುಚ್ಚ ಸರ್ ಹೇಳಿದ ತಂಜಾವೂರು ಶಾಸನದ ಅದೇ ಮೆಯ್ಕೀರ್ತಿಯ (ರಾಜನ ಗೆಲುವುಗಳ ಹೊಗಳಿಕೆಯ) ಮೊದಲ ಭಾಗದಲ್ಲಿ ನಮ್ಮ ಬನವಾಸಿ ಐತಿ, ಮಾನ್ಯಖೇಟ ಐತಿ, ‘ಇರಟ್ಟಪಾಡಿ ಏೞರೆ ಲಕ್ಷ’ ಅಂತ ನಮ್ಮ ನಾಡೇ ಐತಿ. ಕಡಾರಂ ಬರುವುದು ಆಮೇಲೆ. ಕಡಾರದ ಜನ ಅವನ ಬಗ್ಗೆ ಕಲ್ಲಿನಲ್ಲಿ ಏನಾದರೂ ಬರೆದಿಟ್ಟಿದ್ದರೆ ಅದೂ ಹೊಟ್ಟೂರಿನ ಧಾಟಿಯಲ್ಲೇ ಇರುತ್ತಿತ್ತು ಅಂತ ನನ್ನ ಅಂದಾಜು. ಭಾಷಣದಲ್ಲಿ ಇದೂ ಒಂದು ಸಾಲು ಇರಲಿ, ಅಣ್ಣಾ.

ತಂಜಾವೂರುಸೊಸೆ

ಹೊಟ್ಟೂರು ಶಾಸನ ಗೆದ್ದವನ ವೈರಿ ಬರೆಸಿದ್ದು. ಅದನ್ನೂ ಹಾಗೇ ನಂಬಬಾರದು ಅಲ್ವಾ? ಆದರೂ ಲೂಟಿ ಆಗಿತ್ತು ಅನ್ನೋದು ಒಪ್ಪುತ್ತೇನೆ. ಕಡಾರದಲ್ಲೂ ನಿಧಿ ಹೊತ್ತುಕೊಂಡು ಬಂದರು, ಆನೆ ತಂದರು, ‘ವಿದ್ಯಾಧರ ತೋರಣ’ ಅನ್ನುವ ಹೆಬ್ಬಾಗಿಲಿನ ತೋರಣ ಕಿತ್ತು ತಂದರು ಅಂತ ಅವರೇ ಬರೆದುಕೊಂಡಿದ್ದಾರೆ. ನಾಚಿಕೆ ಪಟ್ಟುಕೊಂಡೇನೂ ಬರೆದಿಲ್ಲ.

ನನಗೆ ಅರ್ಥವಾಗದ್ದು ಇನ್ನೊಂದಿದೆ. ಅದೇ ಶ್ರೀವಿಜಯದವರು ನಮ್ಮ ನಾಗಪಟ್ಟಣದಲ್ಲಿ ಬೌದ್ಧ ವಿಹಾರ ಕಟ್ಟಿದ್ದರಲ್ಲ? ಸ್ನೇಹಿತರ ಮನೆ ಯಾಕೆ ದೋಚಿದ?

ಶಾಸನಹುಚ್ಚ

ಸರಿಯಾದ ಜಾಗಕ್ಕೆ ಬಂದಿರಿ. ಇಡೀ ಕಥೆಯಲ್ಲಿ ನನಗೆ ಅತಿ ರುಚಿಯಾದ ಭಾಗ ಇದೇ.

ವಿಹಾರದ ಹೆಸರು ಚೂಡಾಮಣಿ ವಿಹಾರ. ಶ್ರೀವಿಜಯದ ರಾಜ ಮಾರವಿಜಯೋತ್ತುಂಗವರ್ಮ ತನ್ನ ಅಪ್ಪನ ಹೆಸರಿನಲ್ಲಿ ಕಟ್ಟಿಸಿದ. ಅದಕ್ಕೆ ಆನೈಮಂಗಲಂ ಅನ್ನುವ ಊರಿನ ಆದಾಯವನ್ನು ರಾಜರಾಜ ಬಿಟ್ಟುಕೊಟ್ಟ. ಅದು 1006ರ ಸುಮಾರು. ರಾಜರಾಜ ಶೈವ, ವಿಹಾರ ಬುದ್ಧನದು, ದುಡ್ಡು ವಿದೇಶಿ ರಾಜನದು. ಆ ದಾನವನ್ನು ತಾಮ್ರಪಟಕ್ಕೆ ಏರಿಸಿ ಕಾಯಂ ಮಾಡಿದವನು ಯಾರು ಗೊತ್ತಾ? ರಾಜೇಂದ್ರನೇ. 21 ತಾಮ್ರದ ಹಲಗೆಗಳು, ದಪ್ಪ ಉಂಗುರಕ್ಕೆ ಪೋಣಿಸಿದ್ದು, ಮುದ್ರೆ ಸಮೇತ ಸುಮಾರು 30 ಕಿಲೋ ತೂಕ. 5 ಹಲಗೆ ಸಂಸ್ಕೃತ, 16 ತಮಿಳು. ನೆದರ್ಲೆಂಡ್ಸ್‌ನ ಲೈಡನ್ ಊರು ಸೇರಿದ್ದರಿಂದ ಲೈಡನ್ ತಾಮ್ರಪಟ ಅನ್ನುತ್ತಾರೆ.

ಅಂದರೆ ಅಪ್ಪ ಕೊಟ್ಟ ಮಾತನ್ನು ಮಗ ತಾಮ್ರದಲ್ಲಿ ಕೆತ್ತಿಸಿದ. ಅದೇ ಮಗ ಮುಂದೆ ಆ ಮನೆತನದ ರಾಜ ಸಂಗ್ರಾಮವಿಜಯೋತ್ತುಂಗವರ್ಮನನ್ನು ಹಿಡಿಸಿದ. ಯಾಕೆ ಅನ್ನುವುದಕ್ಕೆ ಮೂರು ತರಹದ ವಾದ ಇದೆ. ಒಂದು, ಚೀನಾ ದಾರಿಯ ಟೋಲ್ ಗೇಟ್ ಜಗಳ. ಚೋಳರ ರಾಯಭಾರಿಗಳು 1015ರಲ್ಲೇ ಸಾಂಗ್ ಚಕ್ರವರ್ತಿಯ ಆಸ್ಥಾನಕ್ಕೆ ಹೋಗಿದ್ದರು. ಆ ವ್ಯಾಪಾರಕ್ಕೆ ಶ್ರೀವಿಜಯ ಅಡ್ಡಗಾಲು ಹಾಕಿತು ಅಂತ. ಎರಡು, ಜಾರ್ಜ್ ಸ್ಪೆನ್ಸರ್ ಅನ್ನುವ ಇತಿಹಾಸಕಾರರ ವಾದ: ಚೋಳ ರಾಜ್ಯ ನಡೆಯುತ್ತಿದ್ದದ್ದೇ ಲೂಟಿಯ ಆದಾಯದಿಂದ, ಇದೂ ಅದರದೇ ಮುಂದುವರಿಕೆ. ಮೂರು, ಕಾಂಬೋಜದ (ಈಗಿನ ಕಾಂಬೋಡಿಯಾ) ರಾಜ ರಾಜೇಂದ್ರನಿಗೆ ರಥ ಕಳಿಸಿದ ಮಾತು ಕರಂದೈ ತಾಮ್ರಪಟದಲ್ಲಿದೆ. ಅಲ್ಲಿನ ರಾಜರ ಜಗಳದಲ್ಲಿ ಇವನು ಒಬ್ಬರ ಕಡೆ ನಿಂತ ಅಂತ.

ನಾನು ಮೊದಲನೆಯದಕ್ಕೆ ಮುಕ್ಕಾಲು, ಎರಡನೆಯದಕ್ಕೆ ಕಾಲು ಪಾಲು ಕೊಡುತ್ತೇನೆ. ಮೂರನೆಯದು ನನಗೆ ಗಂಟಲಲ್ಲಿ ಇಳಿಯುವುದಿಲ್ಲ.

ಲೆಕ್ಕಪತ್ರ

ಹೊಡೆದ ಮೇಲೆ ಲಾಭ ಆಯಿತಾ? ಅದು ಮುಖ್ಯ.

ಶಾಸನಹುಚ್ಚ

ನಿಮ್ಮಂಥವರಿಗಾಗಿಯೇ ಒಂದು ಸಂಖ್ಯೆ ಇದೆ. ಚೋಳರಿಂದ ಚೀನಾಕ್ಕೆ 1033ರಲ್ಲಿ ಒಂದು ನಿಯೋಗ ಹೋಯಿತು, ಆಮೇಲೆ 1077ರಲ್ಲಿ ಕುಲೋತ್ತುಂಗನ ಕಾಲದಲ್ಲಿ ಇನ್ನೊಂದು. ಆ ಕೊನೆಯದರಲ್ಲಿ 72 ಜನ ಇದ್ದರು. ದಂತ, ಪನ್ನೀರು, ಇಂಗು, ಗಾಜಿನ ಸಾಮಾನು ತಗೊಂಡು ಹೋಗಿ ‘ಕಾಣಿಕೆ’ ಅಂತ ಕೊಟ್ಟರು. ಮರಳಿ ಸಿಕ್ಕಿದ್ದು 81,800 ಸರ ತಾಮ್ರದ ನಾಣ್ಯ. ಕಾಣಿಕೆ ಅಂತ ಹೆಸರು, ಒಳಗೆ ಶುದ್ಧ ವ್ಯಾಪಾರ.

ತಮಾಷೆ ಏನೆಂದರೆ, ಅದೇ ಕಾಲದ ಚೀನೀ ಆಸ್ಥಾನದವರು ಚೋಳರನ್ನು ಶ್ರೀವಿಜಯದ ಕೈಕೆಳಗಿನವರು ಅಂತ ಬರೆದುಕೊಂಡಿದ್ದರು! ಸಾವಿರ ಮೈಲಿ ಹೋಗಿ ಹೊಡೆದು ಬಂದವರನ್ನು ಹೊಡೆತ ತಿಂದವರ ಆಳು ಅಂತ ದಾಖಲೆ ಮಾಡಿದ್ದಾರೆ. ಆ ಗೇಟಿನಲ್ಲಿ ಆಗಲೂ ಮಾತು ನಡೆಯುತ್ತಿದ್ದದ್ದು ಯಾರದು ಅಂತ ಇದರಲ್ಲಿ ಗೊತ್ತಾಗುತ್ತದೆ.

ಕೋಲಾರದವನು

ಅಯ್ಯೋ ದೇವರೇ. ಇದನ್ನು ಹುಡುಗನಿಗೆ ಹೇಳಿದೆ, ಹೊಟ್ಟೆ ಹಿಡಿದುಕೊಂಡು ನಕ್ಕ.

ಹಾಗಾದರೆ ಗೆದ್ದ ಊರುಗಳನ್ನು ಆಳಲೇ ಇಲ್ಲವಾ?

ಶಾಸನಹುಚ್ಚ

ಲಂಕೆಯನ್ನು ಆಳಿದರು. ಪೊಲೊನ್ನರುವದಲ್ಲಿ ಕೂತು, ಅಧಿಕಾರಿಗಳನ್ನಿಟ್ಟು, ಗುಡಿ ಕಟ್ಟಿ ಆಳಿದರು. 1070ರಲ್ಲಿ ವಿಜಯಬಾಹು ಓಡಿಸುವವರೆಗೆ. ಅದು ಪಕ್ಕದ ಮನೆ, ಆಗುತ್ತಿತ್ತು. ಕಡಾರದ ಕಡೆ ಹಾಗಿಲ್ಲ. 1068ರ ಸುಮಾರಿಗೆ ರಾಜೇಂದ್ರನ ಮಗ ವೀರರಾಜೇಂದ್ರ ಮತ್ತೆ ಕಡಾರಂ ಗೆದ್ದು, ಕಾಲಿಗೆ ಬಿದ್ದ ರಾಜನಿಗೇ ವಾಪಸ್ಸು ಕೊಟ್ಟೆ ಅಂತ ಹೇಳಿಕೊಂಡಿದ್ದಾನೆ. 1090ರಲ್ಲಿ ಕಡಾರದ ರಾಜನ ದೂತರು ಬಂದು ನಾಗಪಟ್ಟಣದ ವಿಹಾರದ ಜಮೀನಿನ ತೆರಿಗೆ ಬಿಡಿಸಿಕೊಂಡರು. ಅದಕ್ಕೆ ಇನ್ನೊಂದು ಚಿಕ್ಕ ತಾಮ್ರಪಟ. ಅಂದರೆ 65 ವರ್ಷದಲ್ಲಿ ಮತ್ತೆ ಅದೇ ಹಳೆಯ ಸಂಬಂಧ, ಅದೇ ವಿಹಾರ, ಅದೇ ಅರ್ಜಿ.

ಅಂದಹಾಗೆ, ರಾಜೇಂದ್ರನಿಗೆ ನಿಜವಾಗಿ ಒಂದು ಕೆರೆ ಇತ್ತು. ಹೊಸ ರಾಜಧಾನಿ ಗಂಗೈಕೊಂಡ ಚೋಳಪುರದ ಹತ್ತಿರ ಕಟ್ಟಿಸಿದ, ಹೆಸರು ಚೋಳಗಂಗಂ. ಗಂಗೆಯ ನೀರು ತಂದು ಸುರಿದು ‘ನೀರಿನ ಜಯಸ್ತಂಭ’ ಅಂತ ಕರೆದ. ಚೋಳರ ಕೆರೆ ಬೇಕಾದವರು ಅದನ್ನು ನೋಡಲಿ.

ತಂಜಾವೂರುಸೊಸೆ

ನಾವು ಹೋಗಿದ್ದೆವು. ಬೇಸಿಗೆಯಲ್ಲಿ ನೀರು ಕಮ್ಮಿ. ಆಡು ಮೇಯುತ್ತಿದ್ದವು. ಗುಡಿ ಮಾತ್ರ ನೋಡಲೇಬೇಕು.

ಗದಗಿನಗಾಳಿ

ಹಂಗಾದರೆ ಕಡಲು ಯಾರದು ಸರ್? ಚೋಳರದಲ್ಲ, ಶ್ರೀವಿಜಯದ ಟೋಲ್ ಗೇಟೂ ಕೊನೆಗೆ ಬಿದ್ದು ಹೋಯಿತು. ಯಾರಾದರೂ ಇರಬೇಕಲ್ಲ.

ಶಾಸನಹುಚ್ಚ

ಗದಗಿನವರೇ, ನಿಮ್ಮ ಊರಿಗೆ ಬಹಳ ದೂರ ಇಲ್ಲದವರದ್ದು. ಐಹೊಳೆಯವರದ್ದು.

ತಮಾಷೆ ಮಾಡುತ್ತಿಲ್ಲ. ಬಾಗಲಕೋಟೆಯ ಐಹೊಳೆ, ಆಗಿನ ಅಯ್ಯಾವೊಳೆ. ಅಲ್ಲಿನ ‘ಐನೂರ್ವರು’ ಅನ್ನುವ ವ್ಯಾಪಾರಿ ಸಂಘ. ತಮ್ಮ ನೇಮಕ್ಕೆ ‘ವೀರಬಣಂಜು ಧರ್ಮ’ ಅಂತ ಹೆಸರಿಟ್ಟುಕೊಂಡವರು. ಶಿಕಾರಿಪುರದ ಹನ್ನೊಂದನೇ ಶತಮಾನದ ಒಂದು ಶಾಸನದಲ್ಲಿ ಅವರ ಬಗ್ಗೆ ದೊಡ್ಡ ವರ್ಣನೆ ಇದೆ. ಭೂಮಿಯೇ ಅವರ ಚೀಲವಂತೆ. ನೆಲದ ದಾರಿ, ನೀರಿನ ದಾರಿ ಎರಡರಲ್ಲೂ ನಾನಾ ದೇಶ ಸುತ್ತುವುದಕ್ಕೇ ಹುಟ್ಟಿದವರಂತೆ. ಆನೆ, ಕುದುರೆ, ಮುತ್ತು, ನೀಲ, ಏಲಕ್ಕಿ, ಲವಂಗ, ಗಂಧ, ಕರ್ಪೂರ, ಕಸ್ತೂರಿ ಮಾರುವವರಂತೆ. ಮಾತು ಜಂಬದ್ದೇ, ರಾಜರ ಮೆಯ್ಕೀರ್ತಿಗಿಂತ ಕಮ್ಮಿ ಏನಿಲ್ಲ.

ತಮಿಳು ನಾಡಿನಲ್ಲಿ ಇದೇ ಹೆಸರು ‘ಐನ್ನೂಟ್ರುವರ್’ ಆಯಿತು. ತಮಿಳು ವರ್ತಕರೂ ಸೇರಿದರು, ಬೇರೆ ಬೇರೆ ಊರಿನವರೂ ಸೇರಿದರು. ಹಾಗಾಗಿ ಎಲ್ಲರೂ ಕನ್ನಡಿಗರು ಅಂತ ಬೀಗಬೇಡಿ. ಹೆಸರು ಮಾತ್ರ ಐಹೊಳೆಯದು.

ಈಗ ಸುಮಾತ್ರಾಕ್ಕೆ ಬನ್ನಿ. ಪಶ್ಚಿಮ ತೀರದಲ್ಲಿ ಬಾರೂಸ್ ಅನ್ನುವ ಬಂದರು. ಕರ್ಪೂರಕ್ಕೆ ಲೋಕಪ್ರಸಿದ್ಧ. ಅಲ್ಲಿನ ಲೋಬು ತುವಾದಲ್ಲಿ ಶಕ 1010, ಅಂದರೆ ಕ್ರಿ.ಶ. 1088ರ ತಮಿಳು ಶಾಸನ ಸಿಕ್ಕಿದೆ. ಬರೆಸಿದವರು ರಾಜರಲ್ಲ, ‘ದಿಶೆ ಸಾವಿರದ ಐನೂರ್ವರು’. ಇಂಥ ಹಡಗಿನ ನಾಯಕ ಇಷ್ಟು ಸುಂಕ ಕಟ್ಟಬೇಕು, ಕಸ್ತೂರಿಯ ಬೆಲೆಗೆ ಸರಿಹೊಂದುವಷ್ಟು ಚಿನ್ನದಲ್ಲಿ, ಕಟ್ಟಿದ ಮೇಲೆ ಹಾಸಿದ ಬಟ್ಟೆಯ ಮೇಲೆ ಕಾಲಿಡಬಹುದು ಅಂತ ನಿಯಮ. ಸಭೆ ಸೇರಿ, ನಿಯಮ ಮಾಡಿ, ಸುಂಕ ಗೊತ್ತುಮಾಡಿ, ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ಮೆಯ್ಕೀರ್ತಿಯಲ್ಲಿ ಗೆದ್ದೆ ಅನ್ನುವ ಮಾತಿದೆ. ಇಲ್ಲಿ ದಿನದ ಕೆಲಸ ಇದೆ.

ಪಿನಾಂಗ್‌ನಿಂದ

ಸರ್, ನಮ್ಮ ಶಿಕಾರಿಪುರವಾ? ನನ್ನ ತಾಯಿಯ ತವರು! ಬಸ್ ಸ್ಟ್ಯಾಂಡು, ಹುಚ್ಚರಾಯಸ್ವಾಮಿ ಗುಡಿ, ಕೆರೆ ಇಷ್ಟೇ ಗೊತ್ತಿತ್ತು. ಸುಮಾತ್ರಾ ವರ್ತಕರ ಸುದ್ದಿ ಅಲ್ಲಿದೆ ಅಂತ ಯಾರೂ ಹೇಳಿರಲಿಲ್ಲ.

ಶಾಸನಹುಚ್ಚ

ಸ್ವಲ್ಪ ತಿದ್ದುಪಡಿ ಮೇಡಂ. ಶಿಕಾರಿಪುರದ ಕಲ್ಲಿನಲ್ಲಿರುವುದು ಅದೇ ಸಂಘದ ಹೊಗಳಿಕೆ. ಸುಮಾತ್ರಾದ ಸುದ್ದಿ ಬಾರೂಸ್‌ನ ಕಲ್ಲಿನಲ್ಲಿ. ಎರಡನ್ನೂ ಜೋಡಿಸುವುದು ಐನೂರ್ವರು ಅನ್ನುವ ಹೆಸರು.

ಮಲ್ಪೆಮಾರಾಯ

ಸಾರ್, ಆ ಬಾರೂಸ್ ಶಾಸನದಲ್ಲಿ ಹಡಗಿನ ನಾಯಕನಿಗೆ ಏನು ಪದ ಬಳಸಿದ್ದಾರೆ? ತಮಿಳು ಪದವೇ ಹೇಳಿ.

ಶಾಸನಹುಚ್ಚ

‘ಮರಕ್ಕಲ ನಾಯನ್’. ಮರಕ್ಕಲ ಅಂದರೆ ಮರದ ಕಲಂ, ಮರದ ಹಡಗು. ಮೇಲೆ ನೋಡಿದ ‘ಪಲ ಕಲಂ’ನ ಕಲವೇ.

ಮಲ್ಪೆಮಾರಾಯ

ನನಗೆ ಹಾಗೇ ಅನುಮಾನ ಬಂತು. ನಮ್ಮ ಮೊಗವೀರರಿಗೆ ಇನ್ನೊಂದು ಹೆಸರು ಮರಕಾಲರು ಅಂತ. ಅಜ್ಜಿ ಹಾಗೇ ಹೇಳುತ್ತಿದ್ದರು, “ನಾವು ಮರಕಾಲರು” ಅಂತ. ಮರದ ಕಾಲಿನವರಾ ಅಂತ ಸಣ್ಣವನಿದ್ದಾಗ ಅವರ ಕಾಲು ಮುಟ್ಟಿ ನೋಡಿದ್ದೆ ಮಾರಾಯ್ರೇ.

ಶಾಸನಹುಚ್ಚ

ಅಜ್ಜಿ ಹೇಳಿದ್ದು ಸರಿ. ಮರದ ಕಲದವರು. ಬಾರೂಸ್‌ಗೆ ನಿಮ್ಮ ಮನೆಯವರು ಹೋಗಿದ್ದರು ಅಂತ ಮಾತ್ರ ಭಾಷಣದಲ್ಲಿ ಸೇರಿಸಬೇಡಿ. ಪದ ಒಂದೇ, ಕಡಲು ಬೇರೆ.

ಲೆಕ್ಕಪತ್ರ

ಅಣ್ಣ, ಹುಡುಗನ ಭಾಷಣ ಎಷ್ಟು ನಿಮಿಷದ್ದು?

ಕೋಲಾರದವನು

ಮೂರು ನಿಮಿಷ. ಅದೇ ಸಮಸ್ಯೆ ಈಗ!

ಮೊದಲ ಸಾಲು ಬದಲಾಯಿತು. ಹುಡುಗನೇ ಬರೆದ: “ಸಾವಿರ ವರ್ಷದ ಹಿಂದೆ ಒಬ್ಬ ರಾಜ ಅಲೆಗಡಲ ನಡುವೆ ಪಲವು ಹಡಗು ಸಲ್ಲಿಸಿದ. ದಾರಿ ತೋರಿಸಿದವರ ಹೆಸರನ್ನು ಅವನು ಬರೆಸಲಿಲ್ಲ.” ಹೊಟ್ಟೂರಿನ ಒಂದು ಸಾಲು ಇದೆ, ಗದಗಿನ ಅಣ್ಣನಿಗೆ ಸಮಾಧಾನ ಆಗಲಿ. ಚೀನಾದವರ ತಪ್ಪು ದಾಖಲೆಯನ್ನು ಬಿಡಲು ಅವನು ಸುತಾರಾಂ ಒಪ್ಪುತ್ತಿಲ್ಲ.

ಭಾನುವಾರ ಅವನನ್ನು ಇಲ್ಲೇ ನಮ್ಮ ಕೋಲಾರಮ್ಮನ ಗುಡಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಅಲ್ಲಿ ರಾಜೇಂದ್ರನ ಕಾಲದ ತಮಿಳು ಶಾಸನಗಳಿವೆ. ಚಿಕ್ಕಂದಿನಿಂದ ಆ ಗೋಡೆಗೆ ಒರಗಿಕೊಂಡು ಪ್ರಸಾದ ತಿಂದವನು ನಾನು. ಮೇಷ್ಟ್ರೇ, ‘ಕಡಲ್’ ಅನ್ನುವ ಪದ ತಮಿಳಿನಲ್ಲಿ ಹೇಗೆ ಬರೆಯುತ್ತಿದ್ದರು ಅಂತ ಒಂದು ಚಿತ್ರ ಕಳಿಸಿ. ಗೋಡೆ ಮೇಲೆ ಹುಡುಕುತ್ತಾನಂತೆ.

ಶಾಸನಹುಚ್ಚ

ಕಳಿಸಿದ್ದೇನೆ, ನೋಡಿ. ಬೆಳಿಗ್ಗೆ ಎಂಟರೊಳಗೆ ಹೋಗಿ, ಓರೆ ಬಿಸಿಲಿನಲ್ಲಿ ಅಕ್ಷರ ಚೆನ್ನಾಗಿ ಎದ್ದು ಕಾಣುತ್ತದೆ. ಗೋಡೆಗೆ ಸೀಮೆಸುಣ್ಣ ಹಚ್ಚಲು ಬಿಡಬೇಡಿ.